ಮಂದಧಾವನ ಮಾಹಾತ್ಮ್ಯ

ಪ್ರಾಯಸ್ಥನಾದ ಮನುಷ್ಯನು ಓಡಬೇಕಾದರೆ ಅದಕ್ಕೊಂದು ಸಕಾರಣವಿರಬೇಕೆಂಬುದು ನಮ್ಮ ಸಮಾಜದ ಅಲಿಖಿತ ಶಾಸನ. ಹೊರಟ ಬಸ್ಸನ್ನು ಹಿಡಿಯುವುದಕ್ಕೆ, ಬೆನ್ನಟ್ಟಿದ ನಾಯಿಯಿಂದ ಪಾರಾಗುವುದಕ್ಕೆ, ಸಾಲ ಕೊಟ್ಟವನ ದೃಷ್ಟಿಪಥದಿಂದ ಮರೆಯಾಗುವುದಕ್ಕೆ, ಇಂತಹ ಪ್ರಾಚೀನವೂ ಗೌರವಾರ್ಹವೂ ಆದ ಉದ್ದೇಶಗಳಿಗಾಗಿ ಓಡುವವನನ್ನು ಲೋಕವು ಕ್ಷಮಿಸುತ್ತದೆ. ಆದರೆ ಮುಂದೆ ಬಸ್ಸಾಗಲಿ ಹಿಂದೆ ನಾಯಿಯಾಗಲಿ ಇಲ್ಲದೆ, ತಲೆ ನರೆತ ಗೃಹಸ್ಥನೊಬ್ಬನು ಮೊಣಕಾಲು ಕಾಣುವ ಚಡ್ಡಿಯನ್ನು ತೊಟ್ಟು ಬೆಳಗಿನ ಜಾವದಲ್ಲಿ ಮೈಸೂರಿನ ಸರಸ್ವತೀಪುರದ ಬೀದಿಯಲ್ಲಿ ಓಡುತ್ತಿರುವನೆಂದರೆ, ಅವನ ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸುವುದು ನೆರೆಹೊರೆಯವರ ಕರ್ತವ್ಯವಾಗುತ್ತದೆ. ನಾನು ಅರ್ಧ ಮ್ಯಾರಥಾನ್ ಓಟಕ್ಕೆ ಅಭ್ಯಾಸ ಮಾಡುತ್ತಿರುವೆನೆಂದು ತಿಳಿದಾಗ ಎದುರುಮನೆಯ ರಾಯರು, “ಸದ್ಯ, ಅರ್ಧ ತಾನೆ ಸ್ವಾಮಿ!” ಎಂದು ನಿಟ್ಟುಸಿರುಬಿಟ್ಟರು.

ಆ ಅರ್ಧವೆಂಬುದು 21 ಕಿಲೋಮೀಟರುಗಳ ಮೇಲೆ ಇನ್ನೂ 97½ ಮೀಟರು. ಇಂತಹ ವಿಚಿತ್ರ ಸಂಖ್ಯೆಯು ಯಾವ ಗಣಿತಜ್ಞನ ಮೆದುಳಿನಿಂದ ಹೊರಟಿತೆಂದು ಶೋಧಿಸಹೊರಟವನು ಕೊನೆಗೆ ಬಂದು ಮುಟ್ಟುವುದು ಆಂಗ್ಲರ ಅರಮನೆಯನ್ನು. 1908ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಮ್ಯಾರಥಾನ್ ಓಟವು ವಿಂಡ್ಸರ್ ಅರಮನೆಯ ಆವರಣದಲ್ಲಿ ಹೊರಟು, ಕ್ರೀಡಾಂಗಣದಲ್ಲಿ ರಾಜಪರಿವಾರದ ಆಸನಗಳ ಎದುರಿಗೆ ಮುಗಿಯುವಂತೆ ಏರ್ಪಾಡಾಗಿದ್ದಿತು. ಹಾಗೆ ಒದಗಿಬಂದ 26 ಮೈಲಿ 385 ಗಜಗಳ ದೂರವನ್ನೇ 1921ರಲ್ಲಿ ಅಂತರರಾಷ್ಟ್ರೀಯ ಕ್ರೀಡಾಸಂಸ್ಥೆಯು ಶಾಶ್ವತಗೊಳಿಸಿತು. ಆಂಗ್ಲರು ನಮ್ಮ ದೇಶವನ್ನು ಬಿಟ್ಟುಹೋಗಿ ಬಹುಕಾಲವಾದರೂ, ಅವರ ದೊರೆಯ ಮನೆಯವರು ಒಂದು ಮಧ್ಯಾಹ್ನ ಕುಳಿತಿದ್ದ ಸ್ಥಳವು ಇಂದಿಗೂ ಮೈಸೂರಿನ ಒಬ್ಬ ನಿರಪರಾಧಿಯ ಮೊಣಕಾಲಿನ ನೋವನ್ನು ನಿರ್ಣಯಿಸುತ್ತಿದೆಯಲ್ಲಾ ಎಂದು ನೆನೆದಾಗ, ಸ್ವಾತಂತ್ರ್ಯ ಹೋರಾಟದ ಯಾವುದೋ ಒಂದು ಅಧ್ಯಾಯವು ಅಪೂರ್ಣವಾಗಿಯೇ ಉಳಿಯಿತೆಂದು ನನಗೆ ಅನ್ನಿಸುತ್ತದೆ.

ನನ್ನನ್ನು ಈ ಸಾಹಸಕ್ಕೆ ಪ್ರೇರೇಪಿಸಿದವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ನನ್ನ ಅಣ್ಣನ ಮಗ. ಓಟವೆಂದರೆ ವೇಗವೆಂದು ಭಾವಿಸಿದ್ದ ನನಗೆ ಅವನು ಉಪದೇಶಿಸಿದ ಪ್ರಥಮ ಸೂತ್ರವು ಪರಮಾಶ್ಚರ್ಯಕರವಾಗಿದ್ದಿತು: “ಚಿಕ್ಕಪ್ಪ, ನಿಧಾನವಾಗಿ ಓಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗದೇ ಹೋದರೆ ನೀವು ಜೋರಾಗಿ ಓಡ್ತಿದ್ದೀರಿ ಅಂತ ಅರ್ಥ.” ಓಟಗಾರರ ಲೋಕದಲ್ಲಿ ಸರ್ವಮಾನ್ಯವಾದ ಈ ಪರೀಕ್ಷೆಯನ್ನು ನಾನು ಶಿರಸಾವಹಿಸಿ ಪಾಲಿಸುತ್ತಿದ್ದೇನೆ; ಆದರೆ ನನ್ನ ವಾಕ್ಯಗಳ ದೈರ್ಘ್ಯವೆಷ್ಟೆಂಬುದನ್ನು ಇಷ್ಟು ಹೊತ್ತಿಗೆ ಮನಗಂಡಿರುವ ಓದುಗರು, ಅಂತಹ ವಾಕ್ಯವೊಂದನ್ನು ಕರ್ತೃಪದದಿಂದ ಕ್ರಿಯಾಪದದವರೆಗೆ ಉಸಿರು ಕಡಿಯದಂತೆ ಕೊಂಡೊಯ್ಯಬೇಕಾದರೆ ನಾನು ಎಷ್ಟು ನಿಧಾನವಾಗಿ ಓಡಬೇಕಾದೀತೆಂಬುದನ್ನು ಊಹಿಸಿಕೊಳ್ಳಬಲ್ಲರು.

ನನ್ನ ಅಭ್ಯಾಸಭೂಮಿ ಕುಕ್ಕರಹಳ್ಳಿ ಕೆರೆಯ ದಂಡೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಬೇಸಾಯಕ್ಕೆ ನೀರೊದಗಿಸಲೆಂದು ಕಟ್ಟಿಸಿದ ಈ ಕೆರೆಯಲ್ಲಿ ಈಗ ಹೆಜ್ಜಾರ್ಲೆಗಳೂ ನೀರುಕಾಗೆಗಳೂ ಸುಖವಾಗಿ ಬೇಸಾಯ ಮಾಡುತ್ತಿವೆ. ಕುವೆಂಪು ಅವರು ಇಲ್ಲಿ ವಿಹರಿಸುತ್ತಿದ್ದುದು ನಾಡಿಗೆಲ್ಲ ತಿಳಿದ ಸಂಗತಿ. ಅವರ ಕಾವ್ಯವು ನಡಿಗೆಯ ಫಲವೇ ಹೊರತು ಓಟದ ಫಲವಲ್ಲವೆಂಬುದು ನನ್ನ ದೃಢವಾದ ನಂಬಿಕೆ, ಏಕೆಂದರೆ ಓಡುವವನ ಮನಸ್ಸಿನಲ್ಲಿ ಮುಂದಿನ ಕಲ್ಲುಬೆಂಚಿನ ಹೊರತು ಬೇರಾವ ದರ್ಶನವೂ ಉದಿಸುವುದಿಲ್ಲ. ಪಿಂಚಣಿದಾರರು ವೇತನ ಪರಿಷ್ಕರಣೆಯ ಬಗೆಗೆ ಚರ್ಚಿಸುತ್ತ, ಕೈಬೀಸಿ ನಡೆಯುತ್ತ, ಓಡುತ್ತಿರುವ ನನ್ನನ್ನು ಹಿಂದೆ ಹಾಕಿ ಹೋಗುವರು. ಹೋಗುವಾಗ ಹಿಮ್ಮಡಿ ಊರಬೇಕೆಂದು ಒಬ್ಬರೂ, ಊರಲೇಕೂಡದೆಂದು ಇನ್ನೊಬ್ಬರೂ ಸಲಹೆಯನ್ನು ದಯಪಾಲಿಸುವರು.

ನನ್ನ ಓಟದ ಈ ಮಾಂದ್ಯಕ್ಕೆ ಶಾಸ್ತ್ರಾಧಾರವೂ ಉಂಟು. ಹೃದಯ ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗಿಕೊಂಡರೆ, ಎಲುಬು ಸ್ನಾಯುರಜ್ಜುಗಳು ತಿಂಗಳುಗಟ್ಟಲೆ ಕಾಲಾವಕಾಶವನ್ನು ಬೇಡುತ್ತವೆ. ಆದ್ದರಿಂದ ಉಸಿರು ‘ನಡೆ’ ಎಂದಾಗಲೂ ಕಾಲು ‘ತಡೆ’ ಎನ್ನುವುದು ಸೋಮಾರಿತನವಲ್ಲ, ಶರೀರಧರ್ಮ. 1972ರ ಒಲಿಂಪಿಕ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೊವೆಯವರು, ಸ್ವಲ್ಪ ಓಡಿ, ದಣಿಯುವುದಕ್ಕೆ ಮುಂಚೆಯೇ ಸ್ವಲ್ಪ ನಡೆದು, ಪುನಃ ಓಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ದಣಿದ ಮೇಲೆ ನಡೆದರೆ ಸೋಲು, ದಣಿಯುವ ಮೊದಲೇ ನಡೆದರೆ ವಿಧಾನ. ಇಷ್ಟು ಕರುಣಾಮಯವಾದ ಸಿದ್ಧಾಂತವನ್ನು ಇನ್ನಾವ ಕ್ರೀಡೆಯಲ್ಲಿಯೂ ನಾನು ಕಾಣೆ.

ಆಹಾರದ ಅಧ್ಯಾಯವು ಮಾತ್ರ ಇಷ್ಟು ಸೌಮ್ಯವಲ್ಲ. ಓಡುವವನು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ, ಸ್ಥೂಲವಾಗಿ ಒಂದು ಕ್ಯಾಲೊರಿಯನ್ನು ವ್ಯಯಿಸುತ್ತಾನೆ; ಎಂದರೆ 80 ಕಿಲೋ ತೂಗುವ ನನ್ನಂಥವನು 5 ಕಿಲೋಮೀಟರು ಬೆವರು ಸುರಿಸಿ ಗಳಿಸುವ ಪುಣ್ಯ ಸುಮಾರು 400. ನಜರ್‌ಬಾದಿನ ಹೋಟೆಲುಗಳ ಕಡೆ ಕೊಂಚ ಬಳಸಿಕೊಂಡು ಮನೆಗೆ ಹಿಂದಿರುಗಿದರೆ, ಬೆಣ್ಣೆಯ ಮುದ್ದೆಯನ್ನು ಹೊತ್ತ ಒಂದು ಜೊತೆ ಮಸಾಲೆದೋಸೆಯ ಸಮ್ಮುಖದಲ್ಲಿ ಆ ಪುಣ್ಯವೆಲ್ಲವೂ ಕ್ಷೀಣಿಸಿ, ಮೇಲೆ ಸಾಲವೂ ಉಳಿಯುತ್ತದೆ. “ನೀವು ಓಡೋದು ಬಿಟ್ಟರೆ ತೂಕವಾದರೂ ಇಳಿದೀತು ಕಣ್ರೀ” ಎಂಬ ನನ್ನ ಮನೆಯಾಕೆಯ ಮಾತಿನಲ್ಲಿರುವ ತರ್ಕವನ್ನು ಖಂಡಿಸಲು ನನಗೆ ಇದುವರೆಗೂ ಸಾಧ್ಯವಾಗಿಲ್ಲ.

ಅಭ್ಯಾಸಕ್ರಮದ ಉತ್ತರಕಾಂಡವಂತೂ ಅತ್ಯಂತ ರಮಣೀಯ. ಭಾನುವಾರಗಳ ದೀರ್ಘ ಓಟವನ್ನು ಅಷ್ಟಷ್ಟಾಗಿ ಏರಿಸುತ್ತ ಬಂದು, ಸ್ಪರ್ಧೆಗೆ ಒಂದೆರಡು ವಾರಗಳು ಉಳಿದಾಗ ಓಟವನ್ನು ತಗ್ಗಿಸಿ ಕಾಲುಗಳಿಗೆ ವಿಶ್ರಾಂತಿ ನೀಡಬೇಕಂತೆ. ಗಳಿಸಿದ ಶಕ್ತಿಯು ಆ ಬಿಡುವಿನಲ್ಲಿಯೇ ಮೈಗೂಡುವುದಂತೆ. ಇಡೀ ಶಾಸ್ತ್ರದಲ್ಲಿ ಈ ಪ್ರಕರಣವೊಂದರಲ್ಲಿ ನಾನು ಓಟವನ್ನು ಆರಂಭಿಸುವುದಕ್ಕೆ ಬಹಳ ಮೊದಲೇ ಪಾರಂಗತನಾಗಿದ್ದೆನೆಂಬುದನ್ನು ವಿನಯಪೂರ್ವಕವಾಗಿ ನಿವೇದಿಸುತ್ತೇನೆ.

ಪ್ರಿಯ ವಾಚಕರೆ, ವೈದ್ಯರನ್ನೊಮ್ಮೆ ಕೇಳಿ, ಕಾಲಿಗೊಪ್ಪುವ ಬೂಟುಗಳನ್ನು ಕೊಂಡು, ಮೊದಲ ತಿಂಗಳು ನಡೆದು, ಆಮೇಲೆ ನೀವೂ ಧಾರಾಳವಾಗಿ ಓಡಬಹುದು; ಅವಸರಪಡದವರಿಗೆ ಇದಕ್ಕಿಂತ ಯೋಗ್ಯವಾದ ವ್ಯಾಯಾಮವಿಲ್ಲ. ನನ್ನದು ಒಂದೇ ಪ್ರಾರ್ಥನೆ: ಕೆರೆಯ ದಂಡೆಯಲ್ಲಿ ನನ್ನನ್ನು ದಾಟಿ ಹೋಗುವಾಗ, “ಯಾಕೆ ಸಾರ್, ನಿಂತುಬಿಟ್ಟಿರಿ?” ಎಂದು ದಯವಿಟ್ಟು ಕೇಳಬೇಡಿ. ನಾನು ಓಡುತ್ತಿರುತ್ತೇನೆ.