ಡಬ್ಲ್ಯುಡಬ್ಲ್ಯುಇ ಕೈಬಿಟ್ಟ ಪೈಲ್ವಾನರಿಗೆ: ಬಳಕೆಯ ಕೈಪಿಡಿ



ವಿಶ್ವದ ಅತಿ ದೊಡ್ಡ ಕುಸ್ತಿ ಕಂಪನಿಯಿಂದ ಹೊರಬಿದ್ದಿರುವುದಕ್ಕೆ ಅಭಿನಂದನೆಗಳು. ನಿಮ್ಮ ದೇಹವನ್ನು ಮತ್ತೆ ಬಳಕೆಗೆ ತರುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದಿದ ಮೇಲೆ ಬಿಸಾಡಬೇಡಿ, ಜೋಪಾನವಾಗಿಡಿ. ಜಿಂದರ್ ಮಹಲ್ ಅವರಿಗೆ ಇದು 2014ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಬೇಕಾಯಿತು.

1. ಕರೆ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ವಿಧಾನ

ನಿಮ್ಮ ಕಸುಬಿನಲ್ಲಿ ಸೋಲು, ಗೆಲುವು, ಮದುವೆ, ದಾಯಾದಿ ಜಗಳ ಎಲ್ಲವನ್ನೂ ಮೊದಲೇ ಬರೆದಿಟ್ಟಿರುತ್ತಾರೆ. ಕೆಲಸ ಹೋಗುವುದೂ ಅದರಲ್ಲೊಂದು ದೃಶ್ಯ. ಅಂದಿನ ಮಾಲೀಕ ವಿನ್ಸ್ ಮೆಕ್‌ಮಹೋನ್ ಟಿವಿಯಲ್ಲಿ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್‌ರನ್ನು ಕೆಲಸದಿಂದ ತೆಗೆದಾಗಲೆಲ್ಲ ಟಿಕೆಟ್ ಮಾರಾಟ ಏರಿತೇ ಹೊರತು ಯಾರ ಮನೆಯ ಒಲೆಯೂ ಆರಲಿಲ್ಲ. 2016ರಲ್ಲಿ ಹೀತ್ ಸ್ಲೇಟರ್ ಎಂಬ ಪೈಲ್ವಾನನನ್ನು ಯಾವ ತಂಡವೂ ಆರಿಸಿಕೊಳ್ಳಲಿಲ್ಲ ಎಂದು ಕತೆ ಕಟ್ಟಿದರು. ಆತ ವಾರವಾರವೂ ರಿಂಗಿಗೆ ಬಂದು, ಮನೆತುಂಬ ಮಕ್ಕಳಿದ್ದಾರೆ, ಕೆಲಸ ಕೊಡಿ ಎಂದು ಗೋಗರೆದ. ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಅವನಿಗೆ ಕೆಲಸವೂ ಸಿಕ್ಕಿತು, ಜೋಡಿ ಕುಸ್ತಿಯ ಚಾಂಪಿಯನ್ ಬೆಲ್ಟೂ ಸಿಕ್ಕಿತು.

ಅಸಲಿ ಕರೆಯ ಲಕ್ಷಣಗಳೇ ಬೇರೆ. ಎದುರಿಗೆ ಪ್ರೇಕ್ಷಕರಿರುವುದಿಲ್ಲ, ಹಿನ್ನೆಲೆ ಸಂಗೀತವಿರುವುದಿಲ್ಲ. ಫೋನಿನ ಆ ತುದಿಯವರು ನಿಮ್ಮನ್ನು ರಿಂಗಿನ ಹೆಸರು ಬಿಟ್ಟು ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದರೆ ಎದೆ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಕಂಪನಿಯ ವೆಬ್‌ಸೈಟಿನಲ್ಲಿ, ನಿಮ್ಮ ಮುಂದಿನ ಪ್ರಯತ್ನಗಳಿಗೆ ಶುಭ ಹಾರೈಸುವ ಒಂದು ಸಾಲು ಬರುತ್ತದೆ. ಹತ್ತು ವರ್ಷ ಬೆನ್ನು ಮೂಳೆ ಸವೆಸಿದವರಿಗೂ ಅದೇ ಸಾಲು, ಆರು ತಿಂಗಳಿದ್ದವರಿಗೂ ಅದೇ ಸಾಲು.

2020ರ ಏಪ್ರಿಲ್ 15ರ ಬುಧವಾರ ಇಂಥ ಕರೆಗಳು ಸಾಲುಸಾಲಾಗಿ ಹೋದವು. ಕೊರೋನಾ ಬಂದಿದೆ, ಖರ್ಚು ತಗ್ಗಿಸಬೇಕು ಎಂಬುದು ಕಾರಣ. ಆ ವರ್ಷ ಕಂಪನಿಯ ಆದಾಯ 97 ಕೋಟಿ ಡಾಲರ್ ಮುಟ್ಟಿ ಅಲ್ಲಿಯವರೆಗಿನ ದಾಖಲೆಯನ್ನು ಮುರಿಯಿತು. ಕರೆ ಬಂದವರಲ್ಲಿ ಹೀತ್ ಸ್ಲೇಟರ್ ಕೂಡ ಒಬ್ಬ. ಈ ಸಲ ಯಾರೂ ನಗಲಿಲ್ಲ.

2. ಪೆಟ್ಟಿಗೆಯಲ್ಲಿ ಏನೇನಿದೆ

ಹೊರಗೆ ಬರುವಾಗ ಕೆಳಗಿನ ವಸ್ತುಗಳು ನಿಮ್ಮ ಬಳಿ ಇವೆಯೇ ಎಂದು ನೋಡಿಕೊಳ್ಳಿ:

ದೇಹ: ಒಂದು (ಬಳಸಿದ್ದು).
ಬೂಟು: ಒಂದು ಜೊತೆ.
ಜನರ ನೆನಪು: ಅಂದಾಜು ಆರು ತಿಂಗಳಿಗಾಗುವಷ್ಟು.

ಇಲ್ಲದಿರುವ ವಸ್ತುಗಳು: ಪಿಎಫ್, ಗ್ರಾಚ್ಯುಟಿ, ರಿಂಗಿನ ಹೆಸರು, ಪ್ರವೇಶದ ಹಾಡು, ನೀವು ಬಿದ್ದು ಎದ್ದ ಅಷ್ಟೂ ವಿಡಿಯೋ. ಇವನ್ನು ಕೇಳಿಕೊಂಡು ಕಚೇರಿಗೆ ಹೋಗಬೇಡಿ. ನೀವು ಅಲ್ಲಿ ನೌಕರರಾಗಿರಲಿಲ್ಲ, ಕಾಗದದ ಪ್ರಕಾರ ಸ್ವತಂತ್ರ ಗುತ್ತಿಗೆದಾರರಾಗಿದ್ದಿರಿ. ರಿಂಗಿನಲ್ಲಿ ಮೂಳೆ ಮುರಿದರೆ ಕಂಪನಿ ಕಟ್ಟು ಹಾಕಿಸುತ್ತಿತ್ತು, ನಿಜ. ಮನೆಮಂದಿಯ ಆರೋಗ್ಯ ವಿಮೆಯನ್ನು ಮಾತ್ರ ನೀವೇ ಕಟ್ಟಿಕೊಳ್ಳಬೇಕಿತ್ತು.

ಸ್ವತಂತ್ರ ಎಂದ ಮಾತ್ರಕ್ಕೆ ಏನು ಬೇಕಾದರೂ ಮಾಡಬಹುದೆಂದು ತಿಳಿಯಬೇಡಿ. 2020ರ ಸೆಪ್ಟೆಂಬರಿನಲ್ಲಿ ಕಂಪನಿಯು ಟ್ವಿಚ್, ಕ್ಯಾಮಿಯೋದಂಥ ಜಾಲತಾಣಗಳಲ್ಲಿ ಪೈಲ್ವಾನರು ಸ್ವಂತ ಸಂಪಾದನೆ ಮಾಡಿಕೊಳ್ಳುವುದನ್ನು ನಿಲ್ಲಿಸಲು ಅಪ್ಪಣೆ ಮಾಡಿತು. ಅದೇ ವರ್ಷದ ನವೆಂಬರಿನಲ್ಲಿ ಜೆಲಿನಾ ವೇಗಾ ಎಂಬಾಕೆ, ಪೈಲ್ವಾನರಿಗೆ ಸಂಘ ಬೇಕು ಎಂದು ಟ್ವೀಟ್ ಮಾಡಿದ ದಿನವೇ ಆಕೆಯನ್ನು ಕೈಬಿಟ್ಟ ಸುದ್ದಿಯೂ ಬಂತು. ಮುಂದಿನ ಜುಲೈನಲ್ಲಿ ಆಕೆ ವಾಪಸಾದರು. ಸಂಘ ಇನ್ನೂ ಬಂದಿಲ್ಲ.

3. ಮೊದಲ 90 ದಿನ

ಈ ಅವಧಿಯಲ್ಲಿ ಕಂಪನಿ ನಿಮಗೆ ಸಂಬಳ ಕೊಡುತ್ತದೆ. ಪ್ರತಿಯಾಗಿ ನೀವು ಬೇರೆ ಕಂಪನಿಯ ರಿಂಗು ಹತ್ತುವಂತಿಲ್ಲ. ಕೆಳ ಹಂತದ ಎನ್‌ಎಕ್ಸ್‌ಟಿಯವರಾದರೆ 30 ದಿನ ಸಾಕು. ಗಡ್ಡ ಬೆಳೆಸಿ, ಜಿಮ್ಮಿಗೆ ಹೋಗಿ, ತಿಂಗಳು ದಿನಾಂಕ ಹಾಕಿ ಗೂಢಾರ್ಥದ ಪೋಸ್ಟರ್ ಬಿಡಿ. ಮುಖ್ಯವಾಗಿ, ಒಪ್ಪಂದದ ಪ್ರತಿಯನ್ನು ತೆಗೆದು ಇನ್ನೊಂದು ಸಲ ಓದಿ.

ಓದಿ ಲಾಭವಾದದ್ದಕ್ಕೆ ಪುರಾವೆ ಇದೆ. ಅಲಿಸ್ಟರ್ ಬ್ಲ್ಯಾಕ್‌ರನ್ನು 2021ರ ಜೂನ್‌ನಲ್ಲಿ ತೆಗೆದರು. ಅವರು ಎನ್‌ಎಕ್ಸ್‌ಟಿಯಿಂದ ಮೇಲಿನ ಹಂತಕ್ಕೆ ಏರಿದಾಗ ಒಪ್ಪಂದದಲ್ಲಿದ್ದ 30 ದಿನವನ್ನು 90ಕ್ಕೆ ತಿದ್ದಲು ಕಚೇರಿಯವರು ಮರೆತಿದ್ದರು. ಒಂದು ತಿಂಗಳು ಕಳೆದು ಐದು ದಿನವಾಗಿತ್ತು, ಎದುರಾಳಿ ಕಂಪನಿಯಾದ ಎಇಡಬ್ಲ್ಯುನಲ್ಲಿ ದೀಪ ಆರಿತು. ಮತ್ತೆ ಹತ್ತಿದಾಗ ರಿಂಗಿನಲ್ಲಿ ಬ್ಲ್ಯಾಕ್ ನಿಂತಿದ್ದರು. ಇಡೀ ಕಸುಬಿನಲ್ಲಿ ಆ ವರ್ಷ ಯಾರೂ ಬರೆದಿರದ ಒಳ್ಳೆಯ ಪಟ್ಟು ಅದೊಂದೇ, ಅದೂ ಗುಮಾಸ್ತರ ಕೊಡುಗೆ.

4. ಹೆಸರನ್ನು ಬದಲಿಸುವ ವಿಧಾನ

ನಮ್ಮಲ್ಲಿ ಟ್ರಂಪ್ ಕಾರ್ಡುಗಳಲ್ಲಿ ಎತ್ತರ, ತೂಕ, ಎದೆಯಳತೆ ಹೋಲಿಸಿ ಆಡಿದ ಮಕ್ಕಳಿಗೆ ಅಂಡರ್‌ಟೇಕರ್ ಗೊತ್ತು, ಮಾರ್ಕ್ ಕ್ಯಾಲವೇ ಗೊತ್ತಿಲ್ಲ. ಕಂಪನಿಗೆ ಬೇಕಾದದ್ದೂ ಅಷ್ಟೇ. ಕಾರ್ಡಿನ ಮೇಲಿನ ಹೆಸರು ಅದರ ಆಸ್ತಿ, ಕೆಳಗಿನ ತೂಕವಷ್ಟೇ ನಿಮ್ಮದು.

ಹಾಗಾಗಿ ಹೊರಬಿದ್ದವರು ಮೊದಲು ನಾಮಕರಣ ಮಾಡಿಕೊಳ್ಳುತ್ತಾರೆ. ಡೀನ್ ಆಂಬ್ರೋಸ್ ಹೋಗಿ ಜಾನ್ ಮಾಕ್ಸ್‌ಲಿ ಬಂದರು, ಜಾಕ್ ರೈಡರ್ ಹೋಗಿ ಮ್ಯಾಟ್ ಕಾರ್ಡೋನಾ ಬಂದರು, ರುಸೆವ್ ಹೋಗಿ ಮಿರೋ ಬಂದರು. ಎದುರಾಳಿಗಳನ್ನು ಮೇಜು ಮುರಿಯುವಂತೆ ಕೆಡವುತ್ತಿದ್ದ ಡಡ್ಲಿ ಸೋದರರು ಟಿಎನ್‌ಎ ಎಂಬ ಕಂಪನಿಗೆ ಹೋಗಿ ಟೀಮ್ 3ಡಿ ಆದರು. ಅದೇ ಮೇಜು, ಅದೇ ಮುರಿತ, ಬೋರ್ಡು ಮಾತ್ರ ಬೇರೆ. ಕೋಡಿ ರೋಡ್ಸ್ ಅವರದು ಇನ್ನೂ ಸೊಗಸಾದ ಪ್ರಕರಣ. 2016ರಲ್ಲಿ ಹೊರಬಂದ ಮೇಲೆ ಅವರು ನಾಲ್ಕು ವರ್ಷ ಬರೀ ಕೋಡಿಯಾಗಿ ಉಳಿಯಬೇಕಾಯಿತು. ‘ರೋಡ್ಸ್’ ಕಂಪನಿಯ ತಿಜೋರಿಯಲ್ಲಿತ್ತು. ತಂದೆಯ ಹೆಸರನ್ನೇ ಕಿತ್ತುಕೊಂಡರಲ್ಲ ಎಂದು ಮರುಗಬೇಡಿ. ತಂದೆ ಡಸ್ಟಿ ರೋಡ್ಸ್ ಅವರದೂ ರಿಂಗಿಗಾಗಿ ಇಟ್ಟುಕೊಂಡ ಹೆಸರೇ, ಮನೆತನದ ಅಸಲಿ ಹೆಸರು ರನ್ನೆಲ್ಸ್.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಆದರೆ ಮೀಸೆ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಮೊದಲು ವಿಚಾರಿಸಿಕೊಳ್ಳಿ.

5. ಎಲ್ಲೆಲ್ಲಿ ಬಳಸಬಹುದು

ಎಇಡಬ್ಲ್ಯು: 2019ರಲ್ಲಿ ಶುರುವಾದದ್ದು, ದುಡ್ಡಿರುವ ಜಾಗ. ನಿಮ್ಮ ಹಾಗೆಯೇ ಡಬ್ಲ್ಯುಡಬ್ಲ್ಯುಇಯಿಂದ ಬಂದವರು ಬಾಗಿಲ ತನಕ ನಿಂತಿದ್ದಾರೆ.

ಜಪಾನ್: ಆಂಟೋನಿಯೋ ಇನೋಕಿ 1972ರಲ್ಲಿ ಕಟ್ಟಿದ ನ್ಯೂ ಜಪಾನ್ ಪ್ರೋ ರೆಸ್ಲಿಂಗ್ ಇದೆ. ಅಲ್ಲಿ ಮಾತಿಗಿಂತ ಪಟ್ಟಿಗೆ ಬೆಲೆ. ಏಟು ನಿಜಕ್ಕೂ ಬೀಳುತ್ತದೆ.

ಮೆಕ್ಸಿಕೋ: ಮುಖವಾಡ ತೊಟ್ಟರೆ ಹೆಸರಿನ ತಕರಾರೇ ಇಲ್ಲ. ಒಂದೇ ತೊಡಕು, ಅಲ್ಲಿನ ಎಎಎ ಕಂಪನಿಯನ್ನು ಕೊಳ್ಳುವುದಾಗಿ 2025ರಲ್ಲಿ ಡಬ್ಲ್ಯುಡಬ್ಲ್ಯುಇ ಘೋಷಿಸಿತು. ಸಾಲ ಕೊಡಲಿಲ್ಲವೆಂದು ಮುನಿಸಿಕೊಂಡು ಎದುರಿನ ಅಂಗಡಿಗೆ ಹೋದರೆ ಗಲ್ಲಾದಲ್ಲಿ ಅದೇ ಸಾಹುಕಾರ ಕೂತ ಹಾಗೆ.

ಇಂಡಿ: ಶಾಲೆಯ ಜಿಮ್ಮು, ಸಮುದಾಯ ಭವನ, ಬಿಂಗೋ ಹಾಲುಗಳಲ್ಲಿ ನಡೆಯುವ ಸಣ್ಣಪುಟ್ಟ ಆಟಗಳಿಗೆ ಈ ಹೆಸರು. ಇಲ್ಲಿ ಕುಸ್ತಿ ನೆಪ, ಮರ್ಚ್ ಟೇಬಲ್ ಮುಖ್ಯ. ಟೀ ಶರ್ಟು, ಸಹಿ ಹಾಕಿದ ಫೋಟೋ ಹರಡಿಕೊಂಡು ಆಟಕ್ಕೆ ಮೊದಲೇ ಕೂತುಬಿಡಿ. ಚಿಲ್ಲರೆ ನೀವೇ ತನ್ನಿ. ಈ ವಿದ್ಯೆಯಲ್ಲಿ ಕಾರ್ಡೋನಾ ಪ್ರವೀಣರು. ಡಬ್ಲ್ಯುಡಬ್ಲ್ಯುಇಯಲ್ಲಿ ಬಹುಕಾಲ ಸೋಲುವ ಪಾತ್ರ ಮಾಡಿದವರು 2021ರಲ್ಲಿ ಜಿಸಿಡಬ್ಲ್ಯು ಎಂಬ ರಕ್ತಸಿಕ್ತ ಇಂಡಿ ಕಂಪನಿಗೆ ನುಗ್ಗಿ, ಅಲ್ಲಿನ ಆರಾಧ್ಯ ದೈವ ನಿಕ್ ಗೇಜ್‌ನನ್ನು ಸೋಲಿಸಿದರು. ಸಿಟ್ಟಿಗೆದ್ದ ಜನ ಕಸ, ಬಾಟಲಿ ಕೈಗೆ ಸಿಕ್ಕಿದ್ದನ್ನೆಲ್ಲ ರಿಂಗಿಗೆ ಎಸೆದರು. ಖಳನಿಗೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ.

ಜಲಂಧರ್: ದಿ ಗ್ರೇಟ್ ಖಲಿ ಅವರು ವಾಪಸು ಬಂದ ಮೇಲೆ ಕಟ್ಟಿದ ಕುಸ್ತಿ ಶಾಲೆ ಇದೆ. ಪಂಜಾಬ್ ಪೊಲೀಸರಾಗಿದ್ದು 2007ರಲ್ಲಿ ವಿಶ್ವ ಚಾಂಪಿಯನ್ ಆದವರು ಅವರು. ಸಲ್ವಾರ್ ಕಮೀಜ್‌ನಲ್ಲೇ ಡಬ್ಲ್ಯುಡಬ್ಲ್ಯುಇ ರಿಂಗಿಗಿಳಿದ ಹರಿಯಾಣದ ಕವಿತಾ ದೇವಿ ಕಲಿತದ್ದು ಅಲ್ಲಿಯೇ. ಆಕೆಯನ್ನೂ 2021ರಲ್ಲಿ ಕಂಪನಿ ಕೈಬಿಟ್ಟಿತು.

ಸಿನಿಮಾ, ಧಾರಾವಾಹಿ: 2024ರ ಏಪ್ರಿಲ್‌ನಲ್ಲಿ ಮಹಲ್ ಜೊತೆಗೆ ಸಂಗಾ ಎಂಬ ಭಾರೀ ಆಳನ್ನೂ ತೆಗೆದರು. ಸೌರವ್ ಗುರ್ಜರ್ ಎಂದರೆ ನಮ್ಮ ಓದುಗರಿಗೆ ಗುರುತು ಸಿಕ್ಕೀತು. ಲಾಕ್‌ಡೌನಿನಲ್ಲಿ ಕನ್ನಡಕ್ಕೆ ಡಬ್ ಆಗಿ ಮನೆಮನೆಗೆ ಬಂದ ಮಹಾಭಾರತ ಧಾರಾವಾಹಿಯ ಭೀಮಸೇನ ಅವರೇ. ವನವಾಸದ ಅನುಭವ ಅವರಿಗೆ ಮೊದಲೇ ಇತ್ತು.

ರಾಜಕೀಯ: ಜೆಸ್ಸಿ ವೆಂಚುರಾ ಮಿನೆಸೋಟಾದ ಗವರ್ನರ್ ಆದರು. ಕೇನ್ ಟೆನೆಸಿಯ ನಾಕ್ಸ್ ಕೌಂಟಿಯ ಮೇಯರ್ ಆದರು. ಬರೆದುಕೊಟ್ಟದ್ದನ್ನು ನಿಜವೆನ್ನುವಂತೆ ಹೇಳುವ ಅಭ್ಯಾಸ ಇದ್ದವರಿಗೆ ಹೆಚ್ಚಿನ ತರಬೇತಿ ಬೇಕಾಗುವುದಿಲ್ಲ.

6. ಸರಿಯಾಗಿ ಕೆಲಸ ಮಾಡಿದ ಮಾದರಿಗಳು

ಆಸ್ಟಿನ್ ಮಾದರಿ: 1995ರಲ್ಲಿ ತೋಳಿನ ಗಾಯದಿಂದ ಮನೆಯಲ್ಲಿದ್ದ ಆಸ್ಟಿನ್‌ರನ್ನು ಡಬ್ಲ್ಯುಸಿಡಬ್ಲ್ಯು ಕಂಪನಿ ನಿಜವಾಗಿಯೇ ತೆಗೆದುಹಾಕಿತು. ಫಿಲಡೆಲ್ಫಿಯಾದ ಬಿಂಗೋ ಹಾಲಿನಲ್ಲಿ ಆಡುತ್ತಿದ್ದ ಇಸಿಡಬ್ಲ್ಯು ಎಂಬ ಸಣ್ಣ ಕಂಪನಿ ಅವರ ಕೈಗೆ ಮೈಕು ಕೊಟ್ಟಿತು. ಕುಸ್ತಿ ಮಾಡಲಾಗದ ಆ ವಾರಗಳಲ್ಲಿ ಅವರು ತಮ್ಮ ಹಳೆಯ ಯಜಮಾನರನ್ನು ಬಾಯಿ ತುಂಬ ಬೈದರು. ಆ ಬೈಗುಳದಲ್ಲೇ ಸ್ಟೋನ್ ಕೋಲ್ಡ್ ಹುಟ್ಟಿದ. ಹೊರಹಾಕಿದ ಕಂಪನಿ 2001ರಲ್ಲಿ ಎದುರಾಳಿಯಾದ ಮೆಕ್‌ಮಹೋನ್ ಕಂಪನಿಗೇ ಮಾರಾಟವಾಯಿತು.

ಮೆಕಿಂಟೈರ್ ಮಾದರಿ: ಸ್ಕಾಟ್ಲೆಂಡಿನ ಡ್ರೂ ಮೆಕಿಂಟೈರ್‌ರನ್ನು ‘ಆಯ್ದ ಕುವರ’ ಎಂದು 2009ರಲ್ಲಿ ಮೆಕ್‌ಮಹೋನ್ ಅವರೇ ಮೆರೆಸಿದರು. ಆಮೇಲೆ ಮಹಲ್, ಸ್ಲೇಟರ್ ಜೊತೆ ಸೇರಿಸಿ 3ಎಂಬಿ ಎಂಬ ನಗೆಪಾಟಲಿನ ತಂಡ ಮಾಡಿದರು. 2014ರ ಜೂನ್‌ನಲ್ಲಿ ಡ್ರೂ, ಮಹಲ್ ಇಬ್ಬರನ್ನೂ ಕೈಬಿಟ್ಟರು. ಡ್ರೂ ತಮ್ಮೂರಿನ ಸಣ್ಣ ರಿಂಗುಗಳಿಂದ ಮತ್ತೆ ಶುರು ಮಾಡಿ 2017ರಲ್ಲಿ ಮರಳಿದರು. ಮಹಲ್ 2016ರಲ್ಲೇ ಮರಳಿ, ಮುಂದಿನ ಮೇ ತಿಂಗಳಲ್ಲಿ ರ‍್ಯಾಂಡಿ ಆರ್ಟನ್‌ರನ್ನು ಸೋಲಿಸಿ ಬೆಲ್ಟು ಕಟ್ಟಿದರು. ಡ್ರೂ 2020ರ ಏಪ್ರಿಲ್ 5ರಂದು ಬ್ರಾಕ್ ಲೆಸ್ನರ್‌ನನ್ನು ಬೀಳಿಸಿ ಚಾಂಪಿಯನ್ ಆದರು. ಕೊರೋನಾದಿಂದಾಗಿ ಅದನ್ನು ನೋಡಲು ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಹತ್ತನೇ ದಿನಕ್ಕೆ ಮೂರನೆಯವನಾದ ಸ್ಲೇಟರ್‌ಗೆ ಫೋನು ಬಂತು.

ಕೋಡಿ ಮಾದರಿ: ತಾವಾಗಿಯೇ ಕೇಳಿ ಹೊರಬಂದು, ಮಿತ್ರರ ಜೊತೆ 2018ರ ಸೆಪ್ಟೆಂಬರ್ 1ರಂದು ಶಿಕಾಗೋ ಬಳಿ ‘ಆಲ್ ಇನ್’ ಎಂಬ ಸ್ವಂತ ಆಟ ಏರ್ಪಡಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ಟಿಕೆಟ್ ಅರ್ಧ ಗಂಟೆಯಲ್ಲಿ ಖಾಲಿಯಾಯಿತು. ಅದರ ಬೆನ್ನಿಗೇ ಎಇಡಬ್ಲ್ಯು ಹುಟ್ಟಿತು. 2022ರಲ್ಲಿ ಹಳೆಯ ಮನೆಗೆ ಮರಳಿ, 2024ರಲ್ಲಿ ಅಲ್ಲಿನ ಚಾಂಪಿಯನ್ ರೋಮನ್ ರೇನ್ಸ್‌ರನ್ನು ಸೋಲಿಸಿದರು.

ಪಂಕ್ ಮಾದರಿ: ಸಿಎಂ ಪಂಕ್ ಹೇಳಿಕೊಂಡಂತೆ, ಡಬ್ಲ್ಯುಡಬ್ಲ್ಯುಇಯ ವಜಾ ಪತ್ರ ಅವರ ಕೈಸೇರಿದ್ದು 2014ರ ಅವರ ಮದುವೆಯ ದಿನ. 2023ರ ಸೆಪ್ಟೆಂಬರಿನಲ್ಲಿ ಎಇಡಬ್ಲ್ಯು ಕೂಡ ಅವರನ್ನು ವಜಾ ಮಾಡಿತು. ಎರಡೂ ಕಡೆ ಬಾಗಿಲು ಮುಚ್ಚಿತೆಂದು ಎಲ್ಲರೂ ಅಂದುಕೊಂಡರು. ಮೂರು ತಿಂಗಳೊಳಗೇ ಮೊದಲ ಬಾಗಿಲು ತೆರೆಯಿತು. ಈ ಮಾದರಿಯನ್ನು ಮನೆಯಲ್ಲಿ ಪ್ರಯೋಗಿಸಬೇಡಿ.

7. ದೋಷ ನಿವಾರಣೆ

ದೋಷ: ಅಳು ಬರುತ್ತಿದೆ.
ಪರಿಹಾರ: ಕ್ಯಾಮೆರಾ ಮುಂದೆ ಅಳಿ. 2020ರಲ್ಲಿ ಡ್ರೇಕ್ ಮ್ಯಾವರಿಕ್ ಹಾಗೆ ಅತ್ತ ವಿಡಿಯೋ ಲೋಕವೆಲ್ಲ ನೋಡಿತು; ಜೂನ್‌ನಲ್ಲಿ ಅವರಿಗೆ ಹೊಸ ಒಪ್ಪಂದ ಸಿಕ್ಕಿತು. ಈ ಪರಿಹಾರ ಒಬ್ಬರಿಗೆ ಮಾತ್ರ ಕೆಲಸ ಮಾಡಿದೆ.

ದೋಷ: ವಯಸ್ಸಾಯಿತು.
ಪರಿಹಾರ: 53ರ ಆರ್-ಟ್ರೂತ್ 2025ರ ಜೂನ್ 1ರಂದು ತಮ್ಮನ್ನು ಕೈಬಿಟ್ಟರೆಂದು ತಿಳಿಸಿದರು. ಜನ ಅವರ ಹೆಸರನ್ನೇ ಕೂಗಿದರು. ಜೂನ್ 7ರಂದು ಅವರು ರಿಂಗಿನಲ್ಲಿದ್ದರು. ಜನ ಕೂಗುವಂಥ ಹೆಸರು ನಿಮ್ಮದಾಗಿದ್ದರೆ ಕಾಯಿರಿ, ಇಲ್ಲದಿದ್ದರೆ ಐದನೇ ವಿಭಾಗ ನೋಡಿ.

ದೋಷ: ಮೊಣಕಾಲು ಸದ್ದು ಮಾಡುತ್ತಿದೆ.
ಪರಿಹಾರ: ವಿಮೆಯ ಕಂತು ಕಟ್ಟಿದ್ದೀರಾ?

8. ವಾರಂಟಿ

ಇಲ್ಲ. ಆರನೇ ವಿಭಾಗದ ಮಾದರಿಗಳು ಮರಳಿ ಬಂದದ್ದರಿಂದಲೇ ನಿಮಗೆ ಅವರ ಹೆಸರು ಗೊತ್ತು. ಮರಳದವರಿಗೆ ಯಾವ ಕೈಪಿಡಿಯಲ್ಲೂ ಜಾಗವಿಲ್ಲ. ಅವರ ಪಟ್ಟಿಯೇ ಉದ್ದ.

ವಾರಂಟಿ ತರಲು ಒಬ್ಬರು ಹೊರಟಿದ್ದರು. 1986ರಲ್ಲಿ ಕಂಪನಿಯ ದೊಡ್ಡ ಆಟವಾದ ರೆಸಲ್‌ಮೇನಿಯಾದ ಎರಡನೇ ಆವೃತ್ತಿ ಎದುರಿಗಿದ್ದಾಗ ವೆಂಚುರಾ, ಸಂಘ ಕಟ್ಟೋಣ, ಈಗ ಕೇಳಿದರೆ ಮಾಲೀಕರು ಒಪ್ಪಲೇಬೇಕು ಎಂದು ಪೈಲ್ವಾನರ ಕೋಣೆಯಲ್ಲಿ ಮಾತೆತ್ತಿದರು. ಮಾತು ಮಾಲೀಕರ ಕಿವಿಗೆ ಬಿತ್ತು. ಮುಟ್ಟಿಸಿದ್ದು ಹಲ್ಕ್ ಹೋಗನ್ ಎಂಬುದು ವರ್ಷಗಳ ಮೇಲೆ ಒಂದು ಮೊಕದ್ದಮೆಯಲ್ಲಿ ತಮಗೆ ತಿಳಿಯಿತು ಎನ್ನುತ್ತಾರೆ ವೆಂಚುರಾ. ಅಮೆರಿಕದಲ್ಲಿ ಫುಟ್‌ಬಾಲ್ ಆಟಗಾರರಿಗೆ ಸಂಘವಿದೆ, ಬಾಸ್ಕೆಟ್‌ಬಾಲಿನವರಿಗಿದೆ, ಸಿನಿಮಾದಲ್ಲಿ ಸುಳ್ಳು ಏಟು ತಿನ್ನುವ ನಟರಿಗೂ ಇದೆ. ನಿಜವಾಗಿ ನೆಲಕ್ಕೆ ಬೀಳುವ ನಿಮಗೆ ಇಲ್ಲ.

ಹಾಗಾಗಿ ಕೊನೆಯ ಸೂಚನೆ, ಇನ್ನೂ ಫೋನು ಬಾರದೆ ಕಂಪನಿಯೊಳಗೇ ಇರುವ ಪೈಲ್ವಾನರಿಗೆ: ನಿಮ್ಮ ಕೈಯಲ್ಲಿ ಬೆಲ್ಟಿರುವಾಗಲೇ, ಟಿಕೆಟ್ ಮಾರಾಟವಾಗುತ್ತಿರುವಾಗಲೇ ಸಂಘ ಕಟ್ಟಿ. ಹೊರಬಿದ್ದ ಮೇಲೆ ಕೇಳಿದರೆ ಸಿಗುವುದು ಶುಭ ಹಾರೈಕೆ ಮಾತ್ರ.