ಉಸಿರು ಕಟ್ಟಿ ನಿಂತ ಅಪ್ಪ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ಊರುಗಳ ನಡುವೆ, ವಿಶೇಷವಾಗಿ ಸಂಜೆ ಆರರ ಬಳಿಕ ಬಿ.ಸಿ. ರೋಡಿನಲ್ಲಿಯೂ ಗುರುವಾಯನಕೆರೆಯ ಕೂಡುರಸ್ತೆಯಲ್ಲಿಯೂ ಕಾಣಸಿಗುವ, ವಯಸ್ಸಿನಲ್ಲಿ ಮೂವತ್ತೆರಡನ್ನು ದಾಟಿ ನಲವತ್ತನ್ನು ಮುಟ್ಟಲು ಒಪ್ಪದ ಒಂದು ಪುರುಷವರ್ಗವನ್ನು, ಬೇರೆ ಹೆಸರು ದೊರೆಯುವವರೆಗೆ, 'ಹೊಸ ಅಪ್ಪ' ಎಂದು ಕರೆಯಬಹುದು. ಈತನ ಎಡ ಹೆಗಲಿನಲ್ಲಿ ಡಯಪರ್, ಬಿಸಿನೀರಿನ ಫ್ಲಾಸ್ಕು ಮತ್ತು ಒಂದು ಜತೆ ಪುಟ್ಟ ಕಾಲುಚೀಲಗಳಿರುವ ಚೀಲವೂ ಬಲಗೈಯಲ್ಲಿ ಜಿಮ್ಮಿನ ಶೇಕರ್ ಬಾಟ್ಲಿಯೂ ಇರುತ್ತವೆ. ಮಗು ಎಲ್ಲಿರುತ್ತದೆ ಎಂಬುದು ಆ ಹೊತ್ತಿಗೆ ಹೆಂಡತಿ ಎಷ್ಟು ದೂರದಲ್ಲಿದ್ದಾಳೆ ಎಂಬುದನ್ನು ಅವಲಂಬಿಸಿದೆ. ಈತನ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಡಬ್ಬಿಗಳು ಅಕ್ಕಪಕ್ಕದಲ್ಲಿದ್ದು, ಎರಡರಲ್ಲಿಯೂ ಬಿಳಿ ಪುಡಿಯಿದ್ದು, ಎರಡರ ಒಳಗೂ ಅಳತೆಯ ಚಮಚವಿದ್ದು, ಎರಡನ್ನೂ ಗಂಟುಗಟ್ಟದಂತೆ ಕಲಸಬೇಕಾಗಿರುವುದರಿಂದ, ಒಂದಕ್ಕೆ 'ಮಗುವಿನದ್ದು' ಎಂದೂ ಇನ್ನೊಂದಕ್ಕೆ 'ಮಗುವಿನ ಅಪ್ಪನದ್ದು' ಎಂದೂ ಹೆಂಡತಿ ಚೀಟಿ ಅಂಟಿಸಿರುತ್ತಾಳೆ. ಎರಡನೆಯ ಡಬ್ಬಿಯಲ್ಲಿರುವುದು ವೇ ಪ್ರೋಟೀನ್, ಅಂದರೆ ಹಾಲು ಒಡೆದು ಗಟ್ಟಿ ಬೇರೆಯಾದ ಮೇಲೆ ಉಳಿಯುವ ನೀರನ್ನು ಸಂಸ್ಕರಿಸಿ ಒಣಗಿಸಿದ ಪುಡಿ; ಹಿಂದಿನ ತಲೆಮಾರಿನ ಅಜ್ಜಿಯಂದಿರು ಹಟ್ಟಿಯ ಬಾನಿಗೆ ಸುರಿಯುತ್ತಿದ್ದ ಪದಾರ್ಥವನ್ನು ಮೊಮ್ಮಗ ಸಾವಿರಗಟ್ಟಲೆ ಕೊಟ್ಟು ಮನೆಗೆ ತರುತ್ತಿದ್ದಾನೆ.

ಈತನ ಸಂಕಟವನ್ನು ಅರಿಯಬೇಕಾದರೆ ಮೊದಲು ಭಾಷೆಯನ್ನು ನೋಡಬೇಕು. ತುಳುವಿನಲ್ಲಿ 'ಅಮ್ಮೆ' ಎಂದರೆ ತಂದೆ, 'ಅಪ್ಪೆ' ಎಂದರೆ ತಾಯಿ. ಘಟ್ಟದ ಮೇಲಿನಿಂದ ಬಂದ ಕನ್ನಡಿಗನಿಗೆ ಇದು ತಲೆಕೆಳಗಾಗಿ ಕೇಳಿಸಿದರೂ, ಈ ನೆಲದ ಹಳೆಯ ವ್ಯವಸ್ಥೆಯಲ್ಲಿ ತಂದೆಯ ಸ್ಥಾನ ಉಳಿದ ಕಡೆಯಂತಿರಲಿಲ್ಲ ಎಂಬುದಕ್ಕೆ ಒಂದು ಸೂಚನೆಯಾಗಿ ಅದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಭಾಷಾಶಾಸ್ತ್ರಜ್ಞರು ಒಪ್ಪದಿದ್ದರೂ. ಬಂಟರು, ಬಿಲ್ಲವರು, ಇಲ್ಲಿನ ಜೈನರು ಮೊದಲಾದ ಅನೇಕ ಸಮುದಾಯಗಳಲ್ಲಿ ನಡೆದುಬಂದ ಅಳಿಯಸಂತಾನ ಕಟ್ಟಿನಲ್ಲಿ, ಅಂದರೆ ಆಸ್ತಿಯೂ ಕುಲವೂ ತಾಯಿಯ ಕಡೆಯಿಂದ ಇಳಿದು ಬರುವ ಪದ್ಧತಿಯಲ್ಲಿ, ಮಕ್ಕಳು ತಾಯಿಯ ಕುಟುಂಬದವರು, ಅವರ 'ಬರಿ', ಎಂದರೆ ಒಳಗೊಳಗೆ ಮದುವೆಯಾಗಬಾರದ ಗೋತ್ರದಂಥ ಗುಂಪು, ತಾಯಿಯದ್ದೇ. ಮನೆಯಲ್ಲಿ ಗದರುವ, ಜಮೀನಿನ ಲೆಕ್ಕ ಕೇಳುವ, ಮದುವೆ ಗೊತ್ತುಮಾಡುವ ಅಧಿಕಾರ ತಮ್ಮಲೆಯದ್ದು, ಅಂದರೆ ಸೋದರಮಾವನದ್ದು. ಈ ನಾಡಿನ ಪರಮವೀರರಾದ ಕೋಟಿ-ಚೆನ್ನಯರನ್ನು ಪಾಡ್ದನದಲ್ಲಿ, ಅಂದರೆ ತುಳುವಿನ ಜನಪದ ಕಥನಗೀತದಲ್ಲಿ, ಸಾಕಿ ಬೆಳೆಸಿದವನೂ ಸೋದರಮಾವ ಸಾಯನ ಬೈದ್ಯನೇ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ತೆರೆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಉಳಿದುದನ್ನು ಸಡಿಲಿಸಿತು, ಮತ್ತು ಮಾವ ನಿಧಾನವಾಗಿ ಮದುವೆಯ ಕರೆಯೋಲೆಯ ಕೆಳಭಾಗಕ್ಕೆ ಸರಿದನು. ಬ್ರಾಹ್ಮಣರು ಮೊದಲಾದ ಮಕ್ಕಳಸಂತಾನದವರ, ಅಂದರೆ ತಂದೆಯ ಕಡೆಯಿಂದ ಆಸ್ತಿ ಇಳಿದು ಬರುವವರ, ಮನೆಗಳಲ್ಲಿ ಅಪ್ಪ ಮೊದಲಿನಿಂದಲೂ ಯಜಮಾನನಾಗಿದ್ದನೆಂಬುದು ನಿಜ. ಆದರೆ ಅಲ್ಲಿಯ ಅಪ್ಪ ಮಾತಾಡುತ್ತಿದ್ದುದು ಊಟಕ್ಕೆ ಬಡಿಸುವಾಗ 'ಸಾಕು' ಎನ್ನಲು ಮಾತ್ರ.

ಮಾವನ ಕುರ್ಚಿ ಖಾಲಿಯಾದಾಗ ಅಪ್ಪ ಬಂದು ಕುಳಿತನೇ ಎಂದರೆ ಅದೂ ಇಲ್ಲ. ಆ ಹೊತ್ತಿಗೆ ಆತ ಮುಂಬಯಿಯ ಹೋಟೆಲಿನ ಗಲ್ಲಾದಲ್ಲಿದ್ದನು. ಮುಂದಿನ ತಲೆಮಾರಿನಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿದ್ದನು. ಮನೆಯಲ್ಲಿ ಸಾಕುವ ಕೆಲಸವನ್ನು ಅಂಗಳದ ಚಾವಡಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದ ತಾಯಿ ನಡೆಸಿದಳು, ವಾರದ ಕೊನೆಗೆ ಬೀಡಿ ಬ್ರಾಂಚಿನಲ್ಲಿ ಲೆಕ್ಕ ಚುಕ್ತಾ ಮಾಡಿ ಬಂದ ದುಡ್ಡಿನಲ್ಲಿ ಮಕ್ಕಳ ಪುಸ್ತಕ ಕೊಂಡಳು. ಅಪ್ಪನೆಂದರೆ ಎರಡು ವರ್ಷಕ್ಕೊಮ್ಮೆ ಸೂಟ್‌ಕೇಸಿನೊಂದಿಗೆ ಬಂದು, ಸುಗಂಧದ ಬಾಟ್ಲಿ ಹಂಚಿ, ಮಗನ ಎತ್ತರವನ್ನು ಬಾಗಿಲಿನ ದಾರಂದದ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ ಹೊರಟುಹೋಗುವ ಗೌರವಾನ್ವಿತ ಅತಿಥಿ. ಹೀಗೆ ಹೊಸ ಅಪ್ಪನಿಗೆ ನೋಡಿ ಕಲಿಯಲು ಒಬ್ಬ ಮಾವನಿದ್ದನು, ಒಂದು ಸೂಟ್‌ಕೇಸಿತ್ತು. ಮನೆಯಲ್ಲೇ ಇದ್ದುಕೊಂಡು ಅಪ್ಪನಾಗಿರುವುದು ಹೇಗೆಂದು ತೋರಿಸಿದವರು ಮಾತ್ರ ಯಾರೂ ಇರಲಿಲ್ಲ. ಆದ್ದರಿಂದ ಆತ ಮೊಬೈಲಿನಲ್ಲಿ ನೋಡಿ ಕಲಿತನು.

ಕಾನೂನಿನಿಂದಲೂ ಈತನಿಗೆ ಹೆಚ್ಚು ನೆರವಿಲ್ಲ. 2017ರ ತಿದ್ದುಪಡಿಯ ಬಳಿಕ ಕಾನೂನು ತಾಯಿಗೆ 26 ವಾರಗಳ ಹೆರಿಗೆ ರಜೆ ಕೊಡುತ್ತದೆ. ಖಾಸಗಿ ಕೆಲಸದಲ್ಲಿರುವ ತಂದೆಯ ವಿಷಯದಲ್ಲಿ ಅದು ಸುಮ್ಮನಿದೆ. ಬಾಣಂತನವಂತೂ ಹೆಂಡತಿಯ ತಾಯಿಮನೆಯಲ್ಲಿ, ಅಲ್ಲಿ ಅಳಿಯನೆಂದರೆ ಕಾಲು ತೊಳೆಯಲು ನೀರು ಕೊಟ್ಟು ಹೊರಗಿನ ಕುರ್ಚಿಯಲ್ಲಿ ಕೂರಿಸಬೇಕಾದ ಪ್ರಾಣಿ. ಹೆಂಡತಿ ಹೆತ್ತಾಗ ಗಂಡನೂ ಹಾಸಿಗೆ ಹಿಡಿದು ಪಥ್ಯ ಮಾಡುವ ಆಚಾರ ಜಗತ್ತಿನ ಕೆಲವೆಡೆ ಇದ್ದುದನ್ನು ಗಮನಿಸಿ, 19ನೆಯ ಶತಮಾನದಲ್ಲಿ ಎಡ್ವರ್ಡ್ ಟೈಲರ್ ಎಂಬ ವಿದ್ವಾಂಸನು ಮಾನವಶಾಸ್ತ್ರದಲ್ಲಿ ಅದಕ್ಕೆ 'ಕುವಾಡ್' ಎಂಬ ಹೆಸರನ್ನು ಬಳಕೆಗೆ ತಂದನು. ತುಳುನಾಡಿನಲ್ಲಿ ಅಂಥ ಆಚಾರವಿಲ್ಲ, ಆದರೆ ಅದರ ಪಥ್ಯಭಾಗ ಮಾತ್ರ ತಾನಾಗಿ ಹುಟ್ಟಿಕೊಂಡಿದೆ: ಅತ್ತೆ ಬೆಲ್ಲ, ತುಪ್ಪ, ತೆಂಗಿನ ಹಾಲು ಸುರಿದು ಮಗುಚಿದ ಮೆಂತೆ ಲೇಹ್ಯವನ್ನು, ದಪ್ಪಗಾಗುವ ಭಯದಿಂದ ಬಾಣಂತಿ ಮುಟ್ಟದಿರುವಾಗ, ವಾರದ ಕೊನೆಗೆ ಬರುವ ಅಳಿಯನು 'ಹಾಳಾಗಬಾರದಲ್ಲ' ಎಂದು ಡಬ್ಬಿಯ ತಳ ಕಾಣಿಸುತ್ತಾನೆ. ನಲವತ್ತನೆಯ ದಿನಕ್ಕೆ ಬಾಣಂತಿ ಇಳಿದಿರುತ್ತಾಳೆ, ಅಳಿಯ ಏರಿರುತ್ತಾನೆ. ತುಳುವಿನಲ್ಲಿ ಹೊಟ್ಟೆಗೆ 'ಬಂಜಿ' ಎಂದೂ ಬಸುರಿಗೆ 'ಬಂಜಿನಾಳ್' ಎಂದೂ ಹೇಳುತ್ತಾರೆ. ಈ ಪದಕ್ಕೆ ಪುಲ್ಲಿಂಗ ಬೇಕಾಗುವ ಕಾಲ ಬಂದಿದೆ.

ವೈದ್ಯರ ಲೆಕ್ಕದಲ್ಲಿ ನಮ್ಮ ಕಡೆಯ ಗಂಡಸಿನ ಸೊಂಟದ ಸುತ್ತಳತೆ 90 ಸೆಂಟಿಮೀಟರಿನ ಒಳಗಿರಬೇಕು, ಅಂದರೆ ಸುಮಾರು ಮೂವತ್ತೈದೂವರೆ ಇಂಚು, ಅದೂ ಹೊಕ್ಕುಳಿನ ಆಸುಪಾಸಿನಲ್ಲಿ ಟೇಪು ಹಿಡಿದು. ಹೊಸ ಅಪ್ಪ ತನ್ನ ಅಳತೆ 34 ಎಂದು ಪ್ರಾಮಾಣಿಕವಾಗಿ ನಂಬಿದ್ದಾನೆ, ಏಕೆಂದರೆ ಕಾಲೇಜಿನ ಕೊನೆಯ ವರ್ಷದಿಂದ ಇಂದಿನವರೆಗೂ ಆತ ಕೊಳ್ಳುತ್ತಿರುವುದು 34ರ ಪ್ಯಾಂಟನ್ನೇ. ಆ ಪ್ಯಾಂಟು ಈ ಹದಿನೈದು ವರ್ಷಗಳಲ್ಲಿ ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗೆ ವಲಸೆ ಹೋಗಿದೆ ಎಂಬುದನ್ನು ಆತ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಜಿಮ್ಮಿಗೆ ಸೇರುವುದು ಸಾಮಾನ್ಯವಾಗಿ ಮಗುವಿನ ಮೊದಲ ಹುಟ್ಟುಹಬ್ಬದ ಫೋಟೋ ಬಂದ ಮೇಲೆ. ಉಳಿದ ಕನ್ನಡನಾಡಿನಲ್ಲಿ ಗರಡಿ ಎಂದರೆ ಕುಸ್ತಿಯ ಮನೆ, ತುಳುನಾಡಿನಲ್ಲಿ ಗರಡಿ ಎಂದರೆ ಕೋಟಿ-ಚೆನ್ನಯರನ್ನು ನಂಬುವ ಪವಿತ್ರ ಸ್ಥಾನ. ಹೀಗಾಗಿ ಇಲ್ಲಿನ ಗಂಡಸಿಗೆ ಮೈ ಬೆಳೆಸುವ ಜಾಗಕ್ಕೆ ಕೈಮುಗಿದು ಹೊರಗಿನಿಂದಲೇ ಮರಳುವ ಅಭ್ಯಾಸ ರಕ್ತದಲ್ಲಿಯೇ ಇದೆ, ಮತ್ತು ಆತ ಜಿಮ್ಮಿನೊಂದಿಗೂ ಬಹುಪಾಲು ಅದೇ ಸಂಬಂಧವನ್ನು ಇಟ್ಟುಕೊಳ್ಳುತ್ತಾನೆ. ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಉಚಿತವೆಂಬ ಕಾರಣಕ್ಕೆ ಹದಿನಾಲ್ಕು ತಿಂಗಳಿಗೆ ಸೇರಿ, ಮೂರು ವಾರ ಹೋಗಿ, ನಾಲ್ಕನೆಯ ವಾರ ಕಲ್ಲಡ್ಕದಲ್ಲಿ ಕಾರು ನಿಲ್ಲಿಸಿ, ಕೆಳಗೆ ಹಾಲು ಮೇಲೆ ಡಿಕಾಕ್ಷನ್ನು ಬೆರೆಯದೆ ಪದರವಾಗಿ ನಿಲ್ಲುವ ಅಲ್ಲಿನ ಪ್ರಸಿದ್ಧ 'ಕೇಟಿ' ಚಹಾವನ್ನು 'ಸಕ್ಕರೆ ಕಮ್ಮಿ' ಎಂದು ಹೇಳಿ, ಆ ಉಳಿತಾಯದ ಬಲದ ಮೇಲೆ ಎರಡು ಪ್ಲೇಟು ಗೋಳಿಬಜೆ ತರಿಸುತ್ತಾನೆ.

ಗಂಡಿನ ಮೈಗೆ ಮಾದರಿಯ ಬರವಿರುವ ಸೀಮೆ ಇದಲ್ಲ, ಮತ್ತು ತೊಂದರೆ ಇರುವುದೂ ಅಲ್ಲಿಯೇ. ಬೆಳ್ತಂಗಡಿ ಒಂದೇ ತಾಲೂಕಿನಲ್ಲಿ ಇಬ್ಬರು ಬಾಹುಬಲಿಗಳಿದ್ದಾರೆ: ಅಜಿಲ ಅರಸ ತಿಮ್ಮಣ್ಣನು 1604ರಲ್ಲಿ ವೇಣೂರಿನಲ್ಲಿ ನಿಲ್ಲಿಸಿದ 35 ಅಡಿಯವನೊಬ್ಬ, ರೆಂಜಾಳ ಗೋಪಾಲ ಶೆಣೈಯವರು ಕೆತ್ತಿ 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಗೊಂಡ 39 ಅಡಿಯವನೊಬ್ಬ. ಜೈನ ಸಂಪ್ರದಾಯ ಬಾಹುಬಲಿಯನ್ನು ಕಾಮದೇವರಲ್ಲಿ ಮೊದಲಿಗನೆಂದು ಎಣಿಸುತ್ತದೆ, ಅಂದರೆ ರೂಪದಲ್ಲಿ ಆತನನ್ನು ಮೀರಿಸಿದವರಿರಲಿಲ್ಲ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಹೊಸ ಅಪ್ಪನು ವೇಣೂರಿನಲ್ಲಿಳಿದು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಕತ್ತೆತ್ತಿ ಆ ಭುಜಗಳನ್ನೂ ಆ ಹೊಟ್ಟೆಯಿಲ್ಲದ ಹೊಟ್ಟೆಯನ್ನೂ ನೋಡುವಾಗ ಮನಸ್ಸಿನಲ್ಲಿ ಆಗುವುದು ಭಕ್ತಿಯೊಂದೇ ಅಲ್ಲ. ಆದರೆ ಆ ಮೈ ಬಂದದ್ದು ಹೇಗೆಂಬ ಕತೆಯನ್ನು ಮರೆಯುವಂತಿಲ್ಲ: ಗೆದ್ದ ರಾಜ್ಯವನ್ನೂ ಮನೆಯನ್ನೂ ಬಿಟ್ಟು, ಬಳ್ಳಿ ಕಾಲಿಗೆ ಹಬ್ಬುವಷ್ಟು ಕಾಲ, ಒಂದು ವರ್ಷ, ಅನ್ನವಿಲ್ಲದೆ ನಿಂತದ್ದರಿಂದ. ಮನೆ ಬಿಡದೆ ಆ ಮೈ ಬೇಕೆನ್ನುವುದು ಶಾಸ್ತ್ರಕ್ಕೂ ಸಲ್ಲದು.

ಇಲ್ಲಿ ಮೂಡುಬಿದಿರೆಯವನೇ ಆದ ರತ್ನಾಕರವರ್ಣಿಯನ್ನು ನೆನೆಯದೆ ಮುಂದೆ ಹೋಗಲಾಗದು. 16ನೆಯ ಶತಮಾನದ ಈ ಕವಿ 'ಭರತೇಶವೈಭವ'ವನ್ನು ಬರೆಯುವಾಗ ಕಾಡಿಗೆ ಹೋದ ತಮ್ಮ ಬಾಹುಬಲಿಯ ಬದಲು ಮನೆಯಲ್ಲುಳಿದ ಅಣ್ಣ ಭರತನನ್ನು ನಾಯಕನನ್ನಾಗಿ ಮಾಡಿದನು. ಉಣ್ಣುತ್ತ, ಹಾಡು ಕೇಳುತ್ತ, 96,000 ರಾಣಿಯರ ಯೋಗಕ್ಷೇಮ ನೋಡಿಕೊಳ್ಳುತ್ತ, ಅದರ ನಡುವೆಯೇ ಯೋಗಿಯಾಗಿರುವ ಗೃಹಸ್ಥನನ್ನು ಚಿತ್ರಿಸಿದನು. ಹೊಸ ಅಪ್ಪನಿಗೆ ನಿಜವಾದ ಕುಲದೇವರು ಭರತನೇ. ಆದರೆ ಶಿಲ್ಪಿಗಳ ಒಲವು ಬೇರೆಯಾಗಿತ್ತು: ಶ್ರವಣಬೆಳಗೊಳದಲ್ಲಿ ತಮ್ಮನು ಬೆಟ್ಟದ ತುದಿಯಲ್ಲಿ ಆಕಾಶಕ್ಕೆ ನಿಂತಿದ್ದರೆ, ಭರತನದೆಂದು ಹೇಳುವ ಮೂರ್ತಿ ಎದುರಿನ ಚಿಕ್ಕಬೆಟ್ಟದಲ್ಲಿ ಕೆಳಭಾಗವಿಲ್ಲದೆ ಉಳಿದಿದೆ. ಮನೆ ನಡೆಸಿದವನಿಗೆ ಕಾಲೇ ಉಳಿಯಲಿಲ್ಲ.

ಕಂಬಳದ ಮಾದರಿಯೊಂದು ಬೇರೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಕೆಸರುಗದ್ದೆಯಲ್ಲಿ, ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಅದನ್ನು 100 ಮೀಟರಿಗೆ ಇಳಿಸಿ ಉಸೇನ್ ಬೋಲ್ಟನ 9.58ರ ಪಕ್ಕದಲ್ಲಿಟ್ಟು ದೇಶವೇ ಗುಣಾಕಾರ ಭಾಗಾಕಾರ ಮಾಡಿತು. ಕಟ್ಟಡದ ಕೆಲಸ ಮಾಡಿ ಬಂದ ಆ ಮೈಯ ಚಿತ್ರ ಎಲ್ಲ ಹೊಸ ಅಪ್ಪಂದಿರ ಮೊಬೈಲಿನಲ್ಲಿಯೂ ಇತ್ತು. ಕಂಬಳದ ಕೋಣಕ್ಕೆ ಹುರುಳಿ ಬೇಯಿಸಿ ಹಾಕುತ್ತಾರೆ. ನೂರು ಗ್ರಾಮಿನಲ್ಲಿ ಇಪ್ಪತ್ತು ಗ್ರಾಮನ್ನು ಮೀರಿ ಪ್ರೋಟೀನ್ ಇರುವ ಆ ಹುರುಳಿ ಮನೆಯ ಸಾರಿನಲ್ಲಿ ಬಂದರೆ ಹೊಸ ಅಪ್ಪ 'ಗ್ಯಾಸ್' ಎಂದು ಪಕ್ಕಕ್ಕೆ ಸರಿಸಿ, ಡಬ್ಬಿಯ ಪುಡಿಗೆ ಕೈ ಹಾಕುತ್ತಾನೆ.

ಇನ್ನು ದಾಂಪತ್ಯ. ಮಧ್ಯಾಹ್ನ ಒಂದೂಕಾಲಕ್ಕೆ ಈತ ಹೆಂಡತಿಗೆ 'ಊಟ ಆಯ್ತಾ?' ಎಂದು ಸಂದೇಶ ಕಳಿಸುತ್ತಾನೆ. ಈ ಭಾಗದಲ್ಲಿ ಅದಕ್ಕಿಂತ ಗಾಢವಾದ ಪ್ರೇಮವಚನ ಇನ್ನೂ ಬಳಕೆಗೆ ಬಂದಿಲ್ಲ. ಉತ್ತರವಾಗಿ ಒಂದು ಹೆಬ್ಬೆರಳು ಬರುತ್ತದೆ. ಆ ಹೆಬ್ಬೆರಳು ತೃಪ್ತಿಯದೋ, ಅವಸರದ್ದೋ, ಬೆಳಿಗ್ಗೆ ಮಗುವಿನ ಟಿಫಿನ್ ಡಬ್ಬಿಯನ್ನು ಕಾರಿನಲ್ಲಿಯೇ ಮರೆತು ಹೋದುದರ ಬಗೆಗಿನದ್ದೋ ಎಂಬುದನ್ನು ಆತ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಶಾಸನವನ್ನು ಓದುವ ಶ್ರದ್ಧೆಯಿಂದ ಸಂಜೆಯವರೆಗೆ ಓದುತ್ತಾನೆ. ಮನೆಗೆ ಬಂದು 'ಎಂತಾಯ್ತು?' ಎಂದು ಕೇಳಿದರೆ ಸಿಗುವ ಉತ್ತರ 'ಎಂತ ಇಲ್ಲ.' ದಕ್ಷಿಣ ಕನ್ನಡದ ಈ ಎರಡು ಪದಗಳಿಗೆ ನಿಘಂಟಿನಲ್ಲಿ ಅರ್ಥವಿಲ್ಲ, ಸ್ವರದಲ್ಲಿದೆ: 'ಎಂತ' ಎಂಬಲ್ಲಿ ಧ್ವನಿ ಇಳಿದರೆ ನಿಜವಾಗಿಯೂ ಏನೂ ಇಲ್ಲ; 'ಇಲ್ಲ' ಎಂಬಲ್ಲಿ ಒತ್ತು ಬಿದ್ದರೆ ಕಳೆದ ಭಾನುವಾರದ್ದು ಇದೆ; ಎರಡರ ನಡುವೆ ಪಾತ್ರೆಯ ಸದ್ದು ಬಂದರೆ ಮದುವೆಯ ದಿನದಿಂದ ಇದೆ. ಈತನ ಅಪ್ಪನಿಗೆ ಈ ವ್ಯಾಕರಣ ಬೇಕಾಗಿರಲಿಲ್ಲ, ಟ್ರಂಕ್ ಕಾಲಿನಲ್ಲಿ ಮೂರು ನಿಮಿಷಕ್ಕೆ ಸ್ವರಭೇದ ಹಿಡಿಯುವಷ್ಟು ಸಮಯವಿರಲಿಲ್ಲ.

ಆದರೂ ನ್ಯಾಯವಾಗಿ ಹೇಳಬೇಕಾದುದಿದೆ. 1982ರಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳು ಊರೂರಿಗೆ ಹಬ್ಬಿದ ಮೇಲೆ, ವಾರದಲ್ಲಿ ಒಂದು ಹೊತ್ತು ಹೆಂಗಸರು 'ಸಂಘಕ್ಕೆ ಹೋಗಿ ಬರ್ತೇನೆ' ಎಂದು ಹೊರಡುವುದು ವಾಡಿಕೆಯಾಯಿತು, ಮತ್ತು ಆ ಒಂದು ಹೊತ್ತು ಮನೆಯಲ್ಲಿ ಮಗುವಿನೊಂದಿಗೆ ಉಳಿದ ಗಂಡಸು ಹೊಸ ಅಪ್ಪನ ಆದಿಪುರುಷನೆಂದು ತೋರುತ್ತದೆ. ಗಂಜಿಯನ್ನು ಹಿಚುಕಿ ಉಣಿಸುವುದು, ಬೆನ್ನು ತಟ್ಟಿ ತೇಗು ತರಿಸುವುದು, ಜ್ವರದ ರಾತ್ರಿ ಒದ್ದೆ ಬಟ್ಟೆ ಬದಲಿಸುವುದು ಇವೆಲ್ಲ ಈಗ ಈತನಿಗೆ ಸಲೀಸು. ಈತನ ತಂದೆಗೆ ಮಗುವನ್ನು ಎತ್ತಿಕೊಳ್ಳುವಾಗ ಕತ್ತಿಗೆ ಕೈ ಕೊಡಬೇಕೆಂಬುದೂ ಗೊತ್ತಿರಲಿಲ್ಲ. ಈ ಕೆಲಸಗಳ ಫೋಟೋ ಸ್ಟೇಟಸ್ಸಿನಲ್ಲಿ ಬರುತ್ತದೆ ಎಂಬುದು ಬೇರೆ ಮಾತು. ಹೆಂಡತಿ ದಿನವೂ ಮಾಡುವಾಗ ಫೋಟೋ ತೆಗೆಯುವವರು ಇರುವುದಿಲ್ಲ ಎಂಬುದೂ ಬೇರೆ ಮಾತು.

ಈ ಎಲ್ಲ ಸಂಗತಿಗಳು ಒಂದೆಡೆ ಕೂಡುವುದು ಧರ್ಮಸ್ಥಳದ ದೇವರ ದರ್ಶನದ ಸರತಿಯಲ್ಲಿ. ಮಂಜುನಾಥನ ಸನ್ನಿಧಿಗೆ ಗಂಡಸರು ಅಂಗಿ ಬನಿಯನು ತೆಗೆದು ಹೋಗಬೇಕೆಂಬುದು ಅಲ್ಲಿನ ನಿಯಮ. ಅಂಗಿ ಹೆಗಲಿಗೇರಿದ ಕ್ಷಣದಲ್ಲಿ ಸಾಲಿನುದ್ದಕ್ಕೂ ಒಂದು ಮೌನವಾದ ಚಲನೆ ಕಾಣುತ್ತದೆ: ಹಿರಿಯರ ಹೊಟ್ಟೆಗಳು ಇದ್ದಲ್ಲೇ ಇರುತ್ತವೆ, ಕಾಲೇಜು ಹುಡುಗರಿಗೆ ಇನ್ನೂ ಬಂದಿಲ್ಲ, ನಡುವಿನ ವಯಸ್ಸಿನವರೆಲ್ಲ ಒಮ್ಮೆಗೇ ಉಸಿರು ಒಳಗೆಳೆದು ನಿಲ್ಲುತ್ತಾರೆ. ಹೊಸ ಅಪ್ಪನೂ ಎಳೆದು ನಿಂತಿರುತ್ತಾನೆ; ಪಕ್ಕೆಲುಬು ಕಾಣಿಸಿ, ಎದೆ ಮುಂದೆ ಬಂದು, ಒಂದು ಗಳಿಗೆ ವೇಣೂರಿನವನ ದೂರದ ನೆಂಟನಂತೆ ತೋರುತ್ತಾನೆ. ಸಾಲು ಮುಂದೆ ಹೋಗುವುದಿಲ್ಲ. ಪಕ್ಕದ ಸಾಲಿನಿಂದ ಹೆಂಡತಿ ಒಮ್ಮೆ ನೋಡಿ, ಸೀರೆಯ ಸೆರಗನ್ನು ಬಾಯಿಗೆ ಹಿಡಿದು ಬೇರೆಡೆ ತಿರುಗುತ್ತಾಳೆ. ಅಷ್ಟರಲ್ಲಿ ತೋಳಿನಲ್ಲಿದ್ದ ಮಗು ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, 'ಅಪ್ಪಾ, ಆನೆ ಎಲ್ಲಿ?' ಎಂದು ಕೇಳುತ್ತದೆ. ತಲೆಯಾಡಿಸಿದರೆ ಅದಕ್ಕೆ ಸಾಲದು, ಮತ್ತೆ ಕೇಳುತ್ತದೆ. 'ಆನೆ ಸ್ನಾನಕ್ಕೆ ಹೋಗಿದೆ ಮಗಾ, ಈಗ ಬರ್ತದೆ' ಎಂದು ಆತ ಹೇಳಿ ಮುಗಿಸುವಷ್ಟರಲ್ಲಿ ಹದಿನಾಲ್ಕು ತಿಂಗಳ ಜಿಮ್ಮಿನ ಶುಲ್ಕ ಪಂಚೆಯ ಅಂಚಿನ ಮೇಲೆ ಬಂದು ಕುಳಿತಿರುತ್ತದೆ.