ಡಿಸ್ಕೋ ಭೈರವಿ

ಐವತ್ತು ದಾಟಿದ ಗಂಡಸಿಗೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಹುಚ್ಚು ಹಿಡಿಯುತ್ತದೆ: ಸೈಕಲ್, ಸಿರಿಧಾನ್ಯ ಇಲ್ಲವೇ ವೇದಾಂತ. ನನಗೆ ಎಲೆಕ್ಟ್ರೋ ಎಂಬ ಯಂತ್ರಗಳ ನೃತ್ಯ ಸಂಗೀತ ಹಿಡಿಯಿತು. ಅದೂ ಮೊಬೈಲಿನಲ್ಲಿ ಪುಕ್ಕಟೆ ಕೇಳುವ ಎಲೆಕ್ಟ್ರೋ ಅಲ್ಲ, ದುಡ್ಡು ಸುರಿದು ತಂದು, ಧೂಳು ಒರೆಸಿ, ಅರ್ಧಕ್ಕೆ ಎದ್ದು ಮಗುಚಿ ಹಾಕಿ ಕೇಳಬೇಕಾದ ಕಪ್ಪು ತಟ್ಟೆಯ ಎಲೆಕ್ಟ್ರೋ. ಹೀಗೆ ಕೇಳುವುದರಲ್ಲಿ ಒಂದು ಘನತೆ ಇದೆ ಎಂಬುದು ನನ್ನ ವಾದ. ಹೆಂಡತಿಯ ವಾದ ಬೇರೆ; ಅದು ಇಲ್ಲಿ ಅಪ್ರಸ್ತುತ.

ನೃತ್ಯ ಸಂಗೀತ ಎಂದ ಮಾತ್ರಕ್ಕೆ ನಾನು ಕುಣಿಯುತ್ತೇನೆ ಎಂದುಕೊಳ್ಳಬೇಡಿ. ಸೊಂಟದ ವಿಷಯದಲ್ಲಿ ಡಾಕ್ಟರ ಕಟ್ಟಪ್ಪಣೆ ಇದೆ. ಬೆತ್ತದ ಕುರ್ಚಿಯಲ್ಲಿ ಕೂತು ಬಲಗಾಲಿನ ಹೆಬ್ಬೆರಳು ಅಲ್ಲಾಡಿಸುತ್ತೇನೆ. ಉಳಿದ ಉತ್ಸಾಹವೆಲ್ಲ ಬಾಯಿಯ ಮೂಲಕ ಹೊರಬರುತ್ತದೆ. ಸಿಲಿಂಡರ್ ತಂದ ಹುಡುಗನನ್ನೂ ಬಾಗಿಲಲ್ಲೇ ನಿಲ್ಲಿಸಿಕೊಂಡು ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ರಾಗವನ್ನು 1982ರಲ್ಲಿ ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ಎತ್ತಿಕೊಂಡು, 808 ಎಂಬ ಡ್ರಮ್ ಯಂತ್ರ ಸೇರಿಸಿ, ‘ಪ್ಲಾನೆಟ್ ರಾಕ್’ ಮಾಡಿದ ಕಥೆ ಹೇಳಿದೆ. ಹುಡುಗ ಪೂರ್ತಿ ಕೇಳಿ, “ಸಾರ್, ಚಿಲ್ಲರೆ ಇದ್ರೆ ಕೊಡಿ” ಅಂದ.

ಈ ಹುಚ್ಚಿಗೆ ಸ್ವದೇಶಿ ಸಮರ್ಥನೆ ಸಿಕ್ಕಿದ್ದು ಚರಣಜಿತ್ ಸಿಂಗ್ ಅವರಿಂದ. ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಇವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಸಂಗೀತ ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಅದರಲ್ಲೊಂದು ಟಿಬಿ-303. ಒಂಟಿ ಗಿಟಾರಿಗರಿಗೆ ಬೇಸ್ ಸಾಥಿಯಾಗಲಿ ಎಂದು ಮಾಡಿದ ಪೆಟ್ಟಿಗೆ; ಮಾರಾಟವಾಗದೆ 1984ಕ್ಕೆಲ್ಲ ತಯಾರಿಕೆಯೇ ನಿಂತಿತು. ಆಮೇಲೆ ಷಿಕಾಗೋ ಹುಡುಗರು ಅದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು, ಕಿವಿ ಹಿಂಡಿದ ಹಾಗೆ ಗುಂಡಿ ತಿರುವಿ, 1987ರಲ್ಲಿ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದರು. ಆ್ಯಸಿಡ್ ಹೌಸ್ ಎಂಬ ನೃತ್ಯ ಸಂಗೀತ ಹುಟ್ಟಿತು. ಅದಕ್ಕೂ ಐದು ವರ್ಷ ಮೊದಲೇ ನಮ್ಮ ಸರ್ದಾರ್ಜಿ ಅದೇ ಪೆಟ್ಟಿಗೆಯಲ್ಲಿ ಮಾಲಕೌಂಸ್ ನುಡಿಸಿ ಮುಗಿಸಿದ್ದರು. ಯಾರೂ ಕೊಳ್ಳಲಿಲ್ಲ. 2010ರಲ್ಲಿ ಡಚ್ಚರವನೊಬ್ಬ ಮರುಮುದ್ರಿಸಿದ ಮೇಲೆ ಲೋಕ ಕಣ್ಣರಳಿಸಿತು. ನಾನು ಪರ್ಸ್ ತೆರೆದೆ.

ಆ ಹೊತ್ತಿಗೆ ಸರಿಯಾಗಿ ಧಾರವಾಡದಿಂದ ಮಾವನವರು ಬಂದಿದ್ದರು. ಹಿಂದೂಸ್ತಾನಿ ಎಂದರೆ ಪ್ರಾಣ ಬಿಡುವವರು. ಅಳಿಯನಿಗೂ ರಾಗಜ್ಞಾನವಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಅವರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಪ್ಲೇಯರಿನ ಮೇಲೆ ತಟ್ಟೆ ಇಟ್ಟು, ಮುಳ್ಳು ಇಳಿಸಿ, ವಾಲ್ಯೂಮನ್ನು ಉದಾರವಾಗಿ ತಿರುವಿದೆ.

ಒಂದು ಗುಂಯ್‌ಕಾರ ಎದ್ದಿತು. ಮೊದಲು ಮೇಜಿನ ಮೇಲಿನ ಲೋಟದ ನೀರಲ್ಲಿ ಸಣ್ಣ ಉಂಗುರಗಳೆದ್ದವು. ಆಮೇಲೆ ಅಟ್ಟದ ಸ್ಟೀಲ್ ಡಬ್ಬಿಗಳ ಮುಚ್ಚಳ ಚಟಪಟ ಎಂದವು. ಗುಂಯ್ ಎನ್ನುವುದು ಬುಸುಗುಟ್ಟುವಿಕೆಯಾಗಿ, ಬುಸುಗುಟ್ಟುವಿಕೆ ಗರ್ಜನೆಯಾಗಿ ಬೆಳೆಯಿತು. ನಾನು ಕಣ್ಣು ಮುಚ್ಚಿ, “ನೋಡಿ ಮಾವ, ಇದು 303ರ ಮಂದ್ರ. ಎಷ್ಟು ಸಾವಕಾಶದ ಆಲಾಪ!” ಎಂದೆ. ಮಾವ ಸಂಕೋಚದಿಂದ, “ಷಡ್ಜ ಎಲ್ಲದನೋ?” ಎಂದು ಕೇಳಿದರು.

ಷಡ್ಜ ಹುಡುಕುವಷ್ಟರಲ್ಲಿ ಕಾಲಿಂಗ್ ಬೆಲ್ ಬಡಿಯಿತು. ಕೆಳಗಿನ ಮನೆಯಾಕೆ. “ಅಂಕಲ್, ರಾತ್ರಿ ಹೊತ್ತು ಗ್ರೈಂಡರ್ ಹಾಕ್ಬೇಡಿ ಪ್ಲೀಸ್, ಮಗು ಮಲಗಿದೆ. ದೋಸೆಗಾ, ಇಡ್ಲಿಗಾ?”

ಒಳಗಿಂದ ಬಂದ ಮಗಳು ಏನೂ ಮಾತಾಡದೆ ಪ್ಲೇಯರ್ ಪಕ್ಕದಲ್ಲೇ ಇದ್ದ ಸ್ಪೀಕರುಗಳನ್ನು ಎತ್ತಿ ನೆಲಕ್ಕಿಟ್ಟಳು. ಗರ್ಜನೆ ತಟ್ಟನೆ ನಿಂತಿತು. ಸ್ಪೀಕರಿನ ಅದುರು ಮೇಜಿಗೆ ಹತ್ತಿ, ಮೇಜಿನಿಂದ ಮುಳ್ಳಿಗೆ ಹತ್ತಿ, ಮುಳ್ಳು ಅದನ್ನೇ ಮತ್ತೆ ಸ್ಪೀಕರಿಗೆ ಕಳಿಸಿ, ಸುತ್ತಿ ಸುತ್ತಿ ಬೆಳೆಯುವುದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರಂತೆ. ನಾನು ಇಷ್ಟು ಹೊತ್ತು ತಲೆದೂಗಿದ್ದು ನಮ್ಮ ಮೇಜಿನ ಆಲಾಪಕ್ಕೆ.

ಮೊದಲಿಂದ ಹಾಕಿದೆವು. ಈಗ ನಿಜವಾದ ಭೈರವಿ ಬಂತು: ಕೆಳಗೆ ಡುಬ್ ಡುಬ್ ಡುಬ್ ಡುಬ್, ನಡುವೆ ಪುಟಿಯುವ ಬೇಸ್, ಮೇಲೆ ಮಿಂಚಿನಂಥ ಕೋಮಲ ಸ್ವರಗಳು. ಮಾವನವರ ಬೆರಳು ಕುರ್ಚಿಯ ಕೈ ಮೇಲೆ ಕುಣಿಯತೊಡಗಿತು. ಮುಗಿದಾಗ, “ಪೆಟ್ಟಿಗಿ ಬಾರಿಸಾಂವ ತಯಾರಿ ಅದಾನ. ತಬಲಾದಾಂವ ಮಾತ್ರ ಒಂದ ಠೇಕಾ ಕಲಿತಾನ, ಪಾಪ” ಎಂದರು. ಶಾಲು ಹೊದ್ದು ಎದ್ದೇಬಿಟ್ಟರು.

“ಮಾವ, ಇನ್ನೂ ಒಂಬತ್ತು ರಾಗ ಬಾಕಿ!”

“ಭೈರವಿ ಆದಮ್ಯಾಲೆ ಎಂಥಾ ರಾಗೋ? ಕಛೇರಿ ಮುಗೀತು. ಎಲಿ ಹಾಕ್ರಿ.”

ಹಿಂದೂಸ್ತಾನಿ ಕಛೇರಿಯನ್ನು ಭೈರವಿಯಿಂದ ಮುಗಿಸುವುದು ವಾಡಿಕೆ. ಚರಣಜಿತ್ ಸಿಂಗ್ ಅದರಿಂದಲೇ ಶುರು ಮಾಡಿದ್ದಾರೆ. ಡಚ್ಚರಿಗೆ ಇದರಿಂದ ತೊಂದರೆಯಾದಂತಿಲ್ಲ. ನಮ್ಮನೆಯಲ್ಲಿ ಮಾತ್ರ ಲಲಿತ್, ತೋಡಿ, ಯಮನ್ ಎಲ್ಲವೂ ಪಂಕ್ತಿ ತಪ್ಪಿಸಿಕೊಂಡವು.

ಮೊನ್ನೆ ಇನ್ನೊಂದು ತರಿಸಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇಟ್ಟುಕೊಂಡು ಮಾಡಿದ ಪ್ರಯೋಗಗಳ ಟೇಪುಗಳು 2023ರಲ್ಲಿ ರೆಕಾರ್ಡಾಗಿ ಬಂದಿವೆ. ಸಂಸ್ಥೆ ಸರ್ಕಾರಿಯಾದ್ದರಿಂದ, ಮನೆಯ ಖರ್ಚಿನ ಪುಸ್ತಕದಲ್ಲಿ ಅದನ್ನು ‘ವಿದ್ಯಾಭ್ಯಾಸ’ದ ಕೆಳಗೆ ಬರೆದಿಟ್ಟೆ. ನಿನ್ನೆ ನೋಡಿದರೆ ಪಕ್ಕದಲ್ಲೇ ಹೆಂಡತಿಯ ಅಕ್ಷರ: ‘ಪಾಸಾಗೋದು ಯಾವಾಗ?’